ಉಂಬಗ ಉಂಬಳ

"ಸಾರ್, ಉಂಬಳಕ್ಕೆ ಮೆದುಳು ಎಲ್ಲಿರ್ತದೆ?"

ಕೇಳಿದವನು 10ನೇ ಕ್ಲಾಸಿನ ಹುಡುಗ. ಉಂಬಳ ಅಂದರೆ ನಮ್ಮ ತೋಟದ ನೆಲದಲ್ಲಿರುವ ಜಿಗಣೆ. ಆಟಿ ತಿಂಗಳ ಮಳೆ. ಶೀಟಿನ ಮಾಡಿನ ಮೇಲೆ ನೀರು ಬೀಳುವ ಸದ್ದಿಗೆ ನನ್ನ ಪಾಠ ಎರಡನೇ ಬೆಂಚು ದಾಟುತ್ತಿರಲಿಲ್ಲ. ಅವನು ಕಾಸರಗೋಡು ಕಡೆಯ ಮುಳ್ಳೇರಿಯದಿಂದ ತುಂಬಾ ಒಳಗಿನವನು, ಅಡಕೆ ತೋಟಗಳ ನಡುವಿನ ಕಾಲುದಾರಿಯಲ್ಲಿ ನಡೆದು ಬರುವವನು. ಹಿಮ್ಮಡಿಯ ಹತ್ತಿರ ರಕ್ತ ಸಪೂರ ಗೆರೆಯಾಗಿ ಇಳಿದು ನೆಲದಲ್ಲಿ ಚುಕ್ಕಿ ಬಿದ್ದಿತ್ತು. ಬೋರ್ಡಿನ ಮೇಲೆ ನಾನು ಮನುಷ್ಯನ ನರಮಂಡಲ ಬಿಡಿಸುತ್ತಿದ್ದೆ. "ಅದಕ್ಕೆಲ್ಲಿಯ ಮೆದುಳು ಮಾರಾಯ, ಅದೊಂದು ರಬ್ಬರ್ ಬ್ಯಾಂಡು" ಅಂದೆ. ಕ್ಲಾಸು ನಕ್ಕಿತು, ಅವನೂ ನಕ್ಕ. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದ, "ಮತ್ತೆ ನಾನು ಬರುವುದು ಅದಕ್ಕೆ ಗೊತ್ತಾಗುವುದು ಹೇಗೆ?" ಅಷ್ಟರಲ್ಲಿ ಬೆಲ್ಲಾಯಿತು. ಬೆಲ್ಲು ಎಷ್ಟೋ ಸಲ ನನ್ನನ್ನು ಕಾಪಾಡಿದೆ.

ಇದಾಗಿ 12 ವರ್ಷ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ನನ್ನ ಉತ್ತರ ತಪ್ಪು ಅಂತ ಗೊತ್ತಾದ ಮೇಲೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿತು. ಯಾಕೆಂದರೆ ಜಿಗಣೆಗೆ ಮೆದುಳಿದೆ. ಇರುವುದು ಮಾತ್ರ ಅಲ್ಲ, ತಲೆಯಿಂದ ಬಾಲದವರೆಗೆ ಸಾಲಾಗಿ ಇದೆ. ಹೊಟ್ಟೆಯ ಕೆಳಬದಿಯಲ್ಲಿ ಒಂದು ನರದ ಹುರಿ, ಅದರ ಮೇಲೆ ಮಣಿ ಪೋಣಿಸಿದ ಹಾಗೆ ನರಗಂಟುಗಳು. ತಲೆಯ ಹತ್ತಿರ 4 ಗಂಟು ಒಂದಕ್ಕೊಂದು ಬೆಸೆದುಕೊಂಡಿವೆ, ನಡುವೆ 21 ಬಿಡಿ ಬಿಡಿಯಾಗಿವೆ, ಬಾಲದಲ್ಲಿ 7 ಮತ್ತೆ ಬೆಸೆದುಕೊಂಡಿವೆ. ಒಟ್ಟು 32. ಬಾಯಿಯ ಮೇಲ್ಬದಿಯಲ್ಲಿ ಇನ್ನೊಂದು ಸಣ್ಣದು ಬೇರೆ. ನಡುವಿನ ಒಂದೊಂದು ಗಂಟಿನಲ್ಲೂ ಸುಮಾರು 400 ನರಕೋಶ. ನಮ್ಮ ತಲೆಯಲ್ಲಿ ಇರುವುದು ಸುಮಾರು 8,600 ಕೋಟಿ. ಹಾಗಾಗಿ ಜಿಗಣೆಯದ್ದು ಬಡ ಸಂಸಾರವೇ. ಆದರೆ ಬಡ ಸಂಸಾರದ ಲೆಕ್ಕಪುಸ್ತಕ ಓದುವುದು ಸುಲಭ ಅಲ್ವಾ? ವಿಜ್ಞಾನಿಗಳು ಅದಕ್ಕೇ ಅದರ ಹಿಂದೆ ಬಿದ್ದರು. ಸ್ವೀಡನ್ನಿನ ಗುಸ್ತಾಫ್ ರೆಟ್ಜಿಯಸ್ ಪ್ರತಿ ಗಂಟಿನಲ್ಲೂ ಎರಡು ದೊಡ್ಡ ಕೋಶಗಳಿರುವುದನ್ನು 1891ರಲ್ಲೇ ಚಿತ್ರ ಬಿಡಿಸಿ ತೋರಿಸಿದ್ದ. 1968ರಲ್ಲಿ ಜಾನ್ ನಿಕಲ್ಸ್ ಮತ್ತು ಡೆನಿಸ್ ಬೇಲರ್, ಹಗುರ ಮುಟ್ಟಿದರೆ ಉತ್ತರಿಸುವ ಕೋಶ ಯಾವುದು, ಒತ್ತಿದರೆ ಉತ್ತರಿಸುವುದು ಯಾವುದು, ನೋವಿಗೆ ಉತ್ತರಿಸುವುದು ಯಾವುದು ಅಂತ ಒಂದೊಂದಾಗಿ ಬೆರಳಿಟ್ಟು ಹೇಳಿದರು. ಈ ಜಿಗಣೆಯಲ್ಲಿ ಎಲ್ಲಿದೆಯೋ ಆ ಜಿಗಣೆಯಲ್ಲೂ ಅದೇ ಜಾಗದಲ್ಲಿ ಅದೇ ಕೋಶ. ತೋಟದ ಯಜಮಾನ ಕಣಿ ಬದಿಯ ಮೂರನೇ ಮರ ಅಂದ ಕೂಡಲೇ ಗುರುತಿಸುತ್ತಾನಲ್ಲ, ಹಾಗೆ.

ಈ ಸಂಶೋಧನೆಯೆಲ್ಲ ನಡೆದದ್ದು ನೀರಿನ ಜಿಗಣೆಯ ಮೇಲೆ, ಹಿಂದೆ ವೈದ್ಯರು ರಕ್ತ ತೆಗೆಯಲು ಬಳಸುತ್ತಿದ್ದ ಯುರೋಪಿನ ಜಾತಿ. ನಮ್ಮ ತೋಟದಲ್ಲಿ ತರಗೆಲೆಯ ತುದಿಯಲ್ಲಿ ನಿಂತು ಗಾಳಿಗೆ ತಲೆ ತೂಗುವ ಉಂಬಳ ಅದರ ನೆಂಟ, ಅದೇ ಅಲ್ಲ. ಆದರೂ ಓದುವಾಗ ನನ್ನ ಕಣ್ಣ ಮುಂದೆ ಬರುವುದು ಉಂಬಳವೇ. ಏನು ಮಾಡುವುದು, ಸಣ್ಣದಿರುವಾಗಿನಿಂದ ರಕ್ತ ಕೊಟ್ಟು ಸಾಕಿದ್ದು ಅದನ್ನು.

ಅಪ್ಪಚ್ಚಿಯ ಕಡ್ಡಿ

ನನಗೆ ಒಂಬತ್ತು ಹತ್ತು ವರ್ಷ ಇರಬಹುದು. ಮಳೆ ಸ್ವಲ್ಪ ಬಿಟ್ಟಿತ್ತು. ಬಿದ್ದ ಅಡಕೆ ಹೆಕ್ಕಲು ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಜೊತೆ ತೋಟಕ್ಕೆ ಇಳಿದಿದ್ದೆ. ಅಪ್ಪಚ್ಚಿಯ ತಲೆಗೆ ಮುಟ್ಟಾಳೆ, ಕೈಯಲ್ಲಿ ಒಂದು ಕೋಲು. ಕೋಲಿನ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಕಾಲಿಗೆ ಹತ್ತಿದ್ದು ಕಂಡರೆ ಆ ಗಂಟನ್ನು ಒಮ್ಮೆ ಒತ್ತುವುದು, ಅದು ಸುರುಟಿಕೊಂಡು ಬೀಳುವುದು. ನನ್ನ ಬೆರಳ ಸಂದಿಯಲ್ಲಿ ಒಂದು ಕೂತಿತ್ತು. ಎಷ್ಟು ಹೊತ್ತಾಗಿತ್ತೋ, ನನಗೆ ಗೊತ್ತೇ ಇರಲಿಲ್ಲ. ಸೂಜಿಯಷ್ಟಿದ್ದದ್ದು ದ್ರಾಕ್ಷಿಯಷ್ಟಾಗಿತ್ತು. ಉಪ್ಪು ಹಾಕಿ ಅಂತ ನಾನು ಕುಣಿದೆ. ಅಪ್ಪಚ್ಚಿ ಹಾಕಲಿಲ್ಲ. "ನಿಲ್ಲು" ಅಂದರು. ಸೋಗೆಯಿಂದ ಒಂದು ಕಡ್ಡಿ ಮುರಿದು ಅದರ ಬೆನ್ನ ಮೇಲೆ ಮೆಲ್ಲಗೆ ಗೀರಿದರು. ಅದು ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದರು. ಆಗಲೂ ಇಲ್ಲ. ಆಮೇಲೆ ಹತ್ತಿರದ ಎಲೆಯ ಮೇಲೆ ಹಸಿದು ನಿಂತಿದ್ದ ಇನ್ನೊಂದಕ್ಕೆ ಅದೇ ಕಡ್ಡಿ ತಾಗಿಸಿದರು. ತಾಗಿದ್ದೇ ತಡ, ಅದು ಮುದುಡಿ, ತಿರುಗಿ, ಕಡ್ಡಿಯನ್ನೇ ಹತ್ತಲು ಹೊರಟಿತು.

"ನೋಡಿದೆಯಾ, ಉಂಬಗ ಅದಕ್ಕೆ ಲೋಕವೇ ಇಲ್ಲೆ" ಅಂದರು ಅಪ್ಪಚ್ಚಿ. ಹವ್ಯಕ ಭಾಷೆಯಲ್ಲಿ ಉಂಬಗ ಅಂದರೆ ಉಣ್ಣುವಾಗ. ಮನೆಯಲ್ಲಿ ಈ ಮಾತು ಅಜ್ಜಿಯ ಕೈಯಲ್ಲಿ ಸಿಕ್ಕಿ ಗಾದೆಯಾಯಿತು. ಅಪ್ಪಚ್ಚಿ ಬಾಳೆಲೆಯ ಮುಂದೆ ಕೂತರೆ ಕರೆದರೂ ಓಗೊಡದ ಜನ. ಎಷ್ಟು ಕರೆದರೂ ತಿರುಗದಿದ್ದಾಗ ಅಜ್ಜಿ ಅಡುಗೆ ಕೋಣೆಯಿಂದ "ಉಂಬಗ ಉಂಬಳ!" ಅನ್ನುತ್ತಿದ್ದರು. ಪದದ ಮೂಲ ಅದೇ ಅಂತ ನಾನು ಹೇಳುತ್ತಿಲ್ಲ, ಭಾಷಾಶಾಸ್ತ್ರದವರು ಜಗಳಕ್ಕೆ ಬರಬೇಡಿ. ಅಜ್ಜಿಗೆ ಪ್ರಾಸ ಸಿಕ್ಕಿತ್ತು, ಅಷ್ಟು ಸಾಕಿತ್ತು.

ಅಪ್ಪಚ್ಚಿ ಕಡ್ಡಿಯಲ್ಲಿ ಮಾಡಿದ ಪ್ರಯೋಗ ಲ್ಯಾಬಿನಲ್ಲೂ ನಡೆದಿದೆ ಅಂತ ನನಗೆ ಗೊತ್ತಾದದ್ದು ತೀರಾ ಈಚೆಗೆ. ನೀರಿನ ಜಿಗಣೆ ಒಂದು ಊಟಕ್ಕೆ ತನ್ನ ತೂಕದ ಐದಾರು ಪಟ್ಟಿಗಿಂತ ಜಾಸ್ತಿ ರಕ್ತ ಕುಡಿಯುತ್ತದೆ. ಕುಡಿಯುವಾಗ ಮೈ ಮುಟ್ಟಿದರೆ ಅದಕ್ಕೆ ಲೆಕ್ಕಕ್ಕಿಲ್ಲ. ಯಾಕೆ? ಚರ್ಮ ಜೋಮು ಹಿಡಿದಿದೆಯೇ? ಇಲ್ಲ. 2009ರಲ್ಲಿ ಕ್ವೆಂಟಿನ್ ಗಾಡ್ರಿ ಮತ್ತು ವಿಲಿಯಂ ಕ್ರಿಸ್ಟನ್ ತೋರಿಸಿದ್ದು ಇದು: ಮುಟ್ಟಿದ್ದು ಚರ್ಮದ ಕೋಶಕ್ಕೆ ಗೊತ್ತಾಗುತ್ತದೆ. ಅದು ಎಂದಿನ ಹಾಗೆ ಸುದ್ದಿ ಕಳಿಸುತ್ತದೆ. ಸುದ್ದಿ ನರಗಂಟಿನವರೆಗೂ ಬರುತ್ತದೆ. ಆದರೆ ಅಲ್ಲಿ ಮುಂದಿನ ಕೋಶಕ್ಕೆ ದಾಟಿಸುವ ತುದಿಯಲ್ಲೇ ಬಾಯಿ ಮುಚ್ಚಿಸಲಾಗಿದೆ. ಮುಚ್ಚಿಸುವುದು ಸೆರೊಟೋನಿನ್ ಎಂಬ ವಸ್ತು. ರೆಟ್ಜಿಯಸ್ ಕಂಡ ಆ ಎರಡು ದೊಡ್ಡ ಕೋಶಗಳ ತುಂಬ ಇರುವುದು ಅದೇ. ಅಂಚೆಯವನು ಕಾಗದ ತಂದಿದ್ದಾನೆ, ಜಗಲಿಯವರೆಗೂ ಬಂದಿದ್ದಾನೆ, ಯಾರೋ ಬಾಯಿಗೆ ಬೆರಳಿಟ್ಟು "ಶ್, ಊಟ ಆಗ್ಲಿ" ಅಂದಿದ್ದಾರೆ. ಈ ವಾಕ್ಯ ಬರೆಯುವಾಗ ನನಗೆ ಯಾಕೆ ಕೈ ನಿಂತಿತು ಅಂತ ಆಮೇಲೆ ಹೇಳುತ್ತೇನೆ.

1980ರ ದಶಕದಲ್ಲಿ ಚಾರ್ಲ್ಸ್ ಲೆಂಟ್ ಮತ್ತು ಮೈಕಲ್ ಡಿಕಿನ್ಸನ್ ಇದಕ್ಕಿಂತ ತಮಾಷೆಯ ಕೆಲಸ ಮಾಡಿದ್ದರು. ಹೊಟ್ಟೆ ತುಂಬಿ ಕಚ್ಚಲು ಮನಸ್ಸಿಲ್ಲದ ಜಿಗಣೆಯನ್ನು ಸೆರೊಟೋನಿನ್ ಬೆರೆಸಿದ ನೀರಿಗೆ ಬಿಟ್ಟರು. ಅದು ಮತ್ತೆ ಕಚ್ಚಲು ಶುರು ಮಾಡಿತು. ಹೊಟ್ಟೆ ತುಂಬಿದೆ, ಆದರೂ ಹಸಿವು. ಇನ್ನು ಕುಡಿಯುತ್ತಿರುವ ಜಿಗಣೆಯ ಮೈಯನ್ನು ಬೇರೆ ದ್ರವ ಹೊಗಿಸಿ ಉಬ್ಬಿಸಿದರೆ ಊಟ ಅಲ್ಲಿಗೇ ನಿಲ್ಲುತ್ತದೆ. ಅಂದರೆ "ಸಾಕು" ಅನ್ನುವುದು ರಕ್ತದ ಲೆಕ್ಕದಿಂದ ಅಲ್ಲ, ಚರ್ಮ ಬಿಗಿಯುವುದರಿಂದ. ಮದುವೆ ಊಟದಲ್ಲಿ ಹೋಳಿಗೆಗೆ ಮೊದಲೇ ಪಂಚೆ ಸಡಿಲಿಸುವ ನೆಂಟರು ಈ ಶಾಸ್ತ್ರ ಓದದೆಯೇ ಬಲ್ಲವರು.

ದೋಸೆ ಮತ್ತು ಹಪ್ಪಳ

ಕ್ಲಾಸಿನಲ್ಲಿ ನಾನು ನರ ಅಂದರೆ ವಯರು ಅಂತ ಕಲಿಸುತ್ತಿದ್ದೆ. ಕಂಬ, ಲೈನು, ಸ್ವಿಚ್ಚು, ಬಲ್ಬು. ನಮ್ಮ ಊರಲ್ಲಿ ಮಳೆಗಾಲಕ್ಕೆ ಕರೆಂಟು ಹೋಗುವುದರಿಂದ ಮಕ್ಕಳಿಗೆ ಬೇಗ ಅರ್ಥ ಆಗುತ್ತಿತ್ತು. ಲೈನಿಗೆ ಮರ ಬಿದ್ದರೆ ಪಾರ್ಶ್ವವಾಯು ಅನ್ನುವವರೆಗೂ ಎಳೆಯುತ್ತಿದ್ದೆ. ಸುಳ್ಳಲ್ಲ, ಅರ್ಧ ಸತ್ಯ. ಬಿಟ್ಟುಹೋದ ಇನ್ನರ್ಧ ಈಗ ನನ್ನನ್ನು ಕಾಡುವುದು. ವಯರಿನ ನಕ್ಷೆ ಪೂರಾ ಕೈಯಲ್ಲಿದ್ದರೂ ಜಿಗಣೆ ಈಗ ಏನು ಮಾಡುತ್ತದೆ ಅಂತ ಹೇಳಲು ಬರುವುದಿಲ್ಲ. ಯಾಕೆಂದರೆ ಅದೇ ವಯರುಗಳ ಮೇಲೆ ಏನೇನೋ ಒಸರುತ್ತಿರುತ್ತದೆ. ಏನು ಒಸರಿತು ಅನ್ನುವುದರ ಮೇಲೆ ಅದೇ ನಕ್ಷೆ ಬೇರೆ ಪ್ರಾಣಿಯಾಗುತ್ತದೆ. ಸೆರೊಟೋನಿನ್ ಇಂಥದ್ದೊಂದು ವಸ್ತು, ತೀರಾ ಸಣ್ಣ ಕಣ. ಇದಲ್ಲದೆ ಇನ್ನೊಂದು ದೊಡ್ಡ ಕುಟುಂಬ ಇದೆ. ಅದರ ಹೆಸರು ನ್ಯೂರೋಪೆಪ್ಟೈಡ್.

ಹೆಸರು ನೋಡಿ ಹೆದರಬೇಡಿ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಪೆಪ್ಟೈಡ್ ಅಂದರೆ ಅಂಥದ್ದೇ ಗಿಡ್ಡ ಸರ. ಅದನ್ನು ನರಕೋಶ ಮಾಡಿ ಹೊರಗೆ ಬಿಟ್ಟರೆ ನ್ಯೂರೋಪೆಪ್ಟೈಡ್. ಮಾಡುವ ಕ್ರಮ ನನಗೆ ಬಹಳ ಇಷ್ಟ, ನಮ್ಮ ಹಪ್ಪಳದ ಹಾಗೆ. ಉದ್ದಿನ ಹಪ್ಪಳಕ್ಕೆ ಹಿಟ್ಟನ್ನು ಉದ್ದಕ್ಕೆ ಹೊಸೆದು ದಾರದಲ್ಲಿ ತುಂಡು ಮಾಡುತ್ತಾರಲ್ಲ? ನರಕೋಶವೂ ಮೊದಲು ಒಂದು ಉದ್ದದ ಪ್ರೋಟೀನು ಹೊಸೆಯುತ್ತದೆ, ಆಮೇಲೆ ಅಲ್ಲಲ್ಲಿ ತುಂಡರಿಸುತ್ತದೆ. ಒಂದೇ ಹಿಟ್ಟಿನಿಂದ ಬೇರೆ ಬೇರೆ ತುಂಡು ಬರುವುದೂ ಉಂಟು. ತುಂಡುಗಳನ್ನು ಸಣ್ಣ ಚೀಲಗಳಲ್ಲಿ ತುಂಬಿ ನರದ ತುದಿಗೆ ಕಳಿಸಿ ದಾಸ್ತಾನು ಮಾಡುತ್ತದೆ. ಸೆರೊಟೋನಿನ್ನಿನಂಥ ಸಣ್ಣ ವಸ್ತುಗಳನ್ನು ತುದಿಯಲ್ಲೇ ಮಾಡಿಕೊಳ್ಳಬಹುದು, ಬಿಟ್ಟದ್ದನ್ನು ಮತ್ತೆ ಎಳೆದುಕೊಂಡು ಬಳಸಬಹುದು. ಅದು ಕಾವಲಿಯಿಂದ ಎಲೆಗೆ ಬೀಳುವ ದೋಸೆ. ಪೆಪ್ಟೈಡು ಹಾಗಲ್ಲ. ಮೂಲಮನೆಯಲ್ಲೇ ಆಗಬೇಕು, ಡಬ್ಬಿಯಲ್ಲಿ ಕಾಯಬೇಕು. ಸಣ್ಣ ಪುಟ್ಟ ಕಾರಣಕ್ಕೆ ಡಬ್ಬಿ ತೆಗೆಯುವ ಕ್ರಮ ಇಲ್ಲ. ನರಕೋಶ ಬಿಡದೆ ಜೋರಾಗಿ ಮಿಡಿದರೆ ಮಾತ್ರ ಹೆಚ್ಚಾಗಿ ಅದು ಹೊರಬರುವುದು. ಒಮ್ಮೆ ಬಿಟ್ಟದ್ದನ್ನು ವಾಪಸು ಡಬ್ಬಿಗೆ ಹಾಕಲಿಕ್ಕಿಲ್ಲ. ಕಿಣ್ವಗಳು ಚೂರು ಮಾಡುವ ತನಕ ಅದು ಸುತ್ತಮುತ್ತ ಇದ್ದೇ ಇರುತ್ತದೆ.

ಅದು ಕೆಲಸ ಮಾಡುವ ರೀತಿಗೆ ಇನ್ನೂ ಹತ್ತಿರದ ಹೋಲಿಕೆ ಒಗ್ಗರಣೆಯದ್ದು. ವೇಗದ ಸುದ್ದಿ ಅಂದರೆ ಬಾಗಿಲು ತಟ್ಟಿದ ಹಾಗೆ, ಒಂದು ಬಾಗಿಲು, ಒಂದು ಸದ್ದು, ಮುಗಿಯಿತು. ಪೆಪ್ಟೈಡು ಅಂದರೆ ಅಡುಗೆ ಕೋಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಹಾಗೆ. ಯಾರನ್ನೂ ಹೆಸರು ಹಿಡಿದು ಕರೆದಿಲ್ಲ. ಜಗಲಿ, ಚಾವಡಿ, ಉಪ್ಪರಿಗೆ ಎಲ್ಲ ಕಡೆ ಹರಡಿತು. ಮೂಗು ಇದ್ದವನಿಗೆ ತಾಗಿತು. ಶೀತ ಆದವನಿಗೆ ತಾಗಲಿಲ್ಲ. ಯಾವ ಕೋಶಕ್ಕೆ ಆ ಪೆಪ್ಟೈಡು ಹಿಡಿಯುವ ಗ್ರಾಹಕ ಇದೆಯೋ ಅದು ಮಾತ್ರ ಬದಲಾಗುತ್ತದೆ, ದೂರ ಇದ್ದರೂ.

ಜಿಗಣೆಯ ಹೃದಯವನ್ನೇ ನೋಡಿ. ಅದಕ್ಕೆ ನಮ್ಮ ಹಾಗೆ ಒಂದು ಗಡ್ಡೆ ಇಲ್ಲ, ಮೈಯ ಎರಡೂ ಬದಿಗೆ ಉದ್ದಕ್ಕೆ ಎರಡು ಕೊಳವೆ. ಒಂದು ಬದಿಯದ್ದು ಹಿಂದಿನಿಂದ ಮುಂದಕ್ಕೆ ಅಲೆಯ ಹಾಗೆ ಹಿಂಡುತ್ತದೆ, ಇನ್ನೊಂದು ಬದಿಯದ್ದು ಹೆಚ್ಚುಕಡಿಮೆ ಒಟ್ಟಿಗೇ ಹಿಂಡುತ್ತದೆ. 20ರಿಂದ 40 ಬಡಿತಕ್ಕೊಮ್ಮೆ ಎರಡೂ ಕೆಲಸ ಅದಲುಬದಲು ಮಾಡಿಕೊಳ್ಳುತ್ತವೆ. ತಾಳ ಹಾಕುವುದು ನರಗಂಟುಗಳಲ್ಲಿರುವ ಕೆಲವೇ ಜೋಡಿ ಕೋಶಗಳು. ರೊನಾಲ್ಡ್ ಕ್ಯಾಲಬ್ರೀಸ್ ಮತ್ತು ಅವರ ಜೊತೆಯವರು ಈ ತಾಳದ ಹಿಂದೆ ದಶಕಗಳನ್ನೇ ಕಳೆದಿದ್ದಾರೆ. ತಾಳ ಹಾಕುವ ಕೋಶ ಯಾವುದು, ಯಾರು ಯಾರಿಗೆ ಜೋಡಿ, ಎಲ್ಲ ಗೊತ್ತು. ಅದರ ಮೇಲೆ ಎಫ್‌ಎಂಆರ್‌ಎಫ್ ಅಮೈಡ್ ಎಂಬ ಪೆಪ್ಟೈಡು ಬಿದ್ದರೆ ತಾಳ ಚುರುಕಾಗುತ್ತದೆ. ಮಯೋಮಾಡ್ಯುಲಿನ್ ಎಂಬ ಇನ್ನೊಂದು ಬಿದ್ದರೂ ಚುರುಕಾಗುತ್ತದೆ, ಆದರೆ ಒಳಗಿನ ದಾರಿ ಬೇರೆ. ತಾಳ ಹಾಕುವವರು ಅವರೇ, ಹೊಸ ವಯರು ಒಂದೂ ಇಲ್ಲ. ಯಕ್ಷಗಾನದ ಚೆಂಡೆಯವನು ಬದಲಾಗಿಲ್ಲ, ಭಾಗವತರು ಕಣ್ಣಲ್ಲೇ ಏನೋ ಹೇಳಿದ್ದಾರೆ.

ಎಫ್‌ಎಂಆರ್‌ಎಫ್ ಅಮೈಡ್ ಅಂದರೆ ನಾಲ್ಕೇ ನಾಲ್ಕು ಮಣಿಯ ಸರ. ಅದನ್ನು ಮೊದಲು ಕಂಡದ್ದು ಜಿಗಣೆಯಲ್ಲಲ್ಲ. 1977ರಲ್ಲಿ ಡೇವಿಡ್ ಪ್ರೈಸ್ ಮತ್ತು ಮೈಕಲ್ ಗ್ರೀನ್‌ಬರ್ಗ್ ಅದನ್ನು ತೆಗೆದದ್ದು ಒಂದು ಚಿಪ್ಪುಜೀವಿಯ ನರಗಂಟಿನಿಂದ. ಅದರ ಹೃದಯವನ್ನು ಬಡಿಸುವ ವಸ್ತು ಯಾವುದು ಅಂತ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು. ನಮ್ಮ ಕುಂಬಳೆ ಹೊಳೆಯಲ್ಲಿ ಹೆಕ್ಕುವ ಮರುವಾಯಿಯ ದೂರದ ನೆಂಟ ಅದು. (ಮರುವಾಯಿ ಸುಕ್ಕದ ರುಚಿ ಕೇಳಿದರೆ ನನಗೆ ಗೊತ್ತಿಲ್ಲ ಅನ್ನಬೇಕು. ಪರಿಮಳ ಗೊತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ಟಿಫಿನ್ ಬಾಕ್ಸ್ ತೆರೆದಾಗ ನನ್ನ ಗ್ರಾಹಕಗಳು ಏನು ಮಾಡಿದವು ಅಂತ ಇಲ್ಲಿ ಬರೆಯುವ ಹಾಗಿಲ್ಲ.)

ಇನ್ನೊಂದು ಪೆಪ್ಟೈಡಿನ ಕಥೆ ಹೇಳದೆ ಇರಲಾರೆ. ಹೆರಿಗೆ ನೋವು ಬರಿಸಲು ಆಸ್ಪತ್ರೆಯಲ್ಲಿ ಡ್ರಿಪ್ಪಿನಲ್ಲಿ ಕೊಡುವ ಆಕ್ಸಿಟೋಸಿನ್ ಗೊತ್ತಲ್ಲ. ಒಂಬತ್ತು ಮಣಿಯ ಸರ. ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಅದನ್ನು ಲ್ಯಾಬಿನಲ್ಲಿ ಮಾಡಿ, 1955ರಲ್ಲಿ ನೊಬೆಲ್ ಪಡೆದರು. ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡ ದನ, ಕರು ಬಂದು ಕೆಚ್ಚಲು ಗುದ್ದುವ ತನಕ ಹಾಲು ಇಳಿಸುತ್ತಿರಲಿಲ್ಲ. ಅದೂ ಇದೇ ಆಕ್ಸಿಟೋಸಿನ್ನಿನ ಕೆಲಸ. ಜಿಗಣೆಗೆ ಕೆಚ್ಚಲೂ ಇಲ್ಲ, ಹಾಲೂ ಇಲ್ಲ. ಆದರೆ ಇದೇ ಕುಟುಂಬದ ಒಂಬತ್ತು ಮಣಿಯ ಸರ ಅದರಲ್ಲೂ ಇದೆ. 2010ರಲ್ಲಿ ಡೇನಿಯಲ್ ವಾಗೆನಾರ್ ಮತ್ತು ಸಂಗಡಿಗರು ಈ ಕುಟುಂಬದ ಕೊನೊಪ್ರೆಸ್ಸಿನ್ ಎಂಬುದನ್ನು ಜಿಗಣೆಗೆ ಚುಚ್ಚಿದರು. ಎದುರು ಇನ್ನೊಂದು ಜಿಗಣೆ ಇಲ್ಲ. ಒಂಟಿ ಜಿಗಣೆ ಮೈ ತಿರುಚಿ, ಬಾಯಿ ಅರಳಿಸಿ, ಜೊತೆ ಸೇರುವಾಗಿನ ಕುಣಿತ ಶುರು ಮಾಡಿತು. ಕುಣಿತ ಒಳಗೇ ಇತ್ತು, ಕೆಲವು ನರಗಂಟುಗಳ ಮೂಲೆಯಲ್ಲಿ ಮಡಚಿಟ್ಟ ಹಾಗೆ. ಹಸುವಿನ ಮತ್ತು ಜಿಗಣೆಯ ವಂಶ ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿಯಾಯಿತು. ಅಷ್ಟು ಹಳೆಯ ಸರ ಎರಡೂ ಮನೆಯಲ್ಲಿ ಈಗಲೂ ಬಳಕೆಯಲ್ಲಿದೆ, ಒಂದು ಮನೆಯಲ್ಲಿ ಹಾಲಿಗೆ, ಒಂದು ಮನೆಯಲ್ಲಿ ಕುಣಿತಕ್ಕೆ.

ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ನೆ ಅಂಗಳ ನೋಡುತ್ತಾ ಕೂತಿದ್ದೆ. ಸಿಟ್ಟು ಬಂದರೆ, ದುಃಖ ಬಂದರೆ, ಯಾರ ಮೇಲೋ ವಾತ್ಸಲ್ಯ ಉಕ್ಕಿದರೆ ಅದು ಹೊರಗಿಂದ ಬಂದು ಹೊಕ್ಕಿತು ಅಂತ ನಾವು ಮಾತಾಡುತ್ತೇವೆ. ಕೋಪ "ಬಂತು", ನಿದ್ದೆ "ಬಂತು". ಕನ್ನಡದ ವ್ಯಾಕರಣವೇ ಹಾಗೆ. ಜಿಗಣೆಯನ್ನು ನೋಡಿದರೆ ಬಂದದ್ದು ಬರೀ ಒಂದು ಪರಿಮಳ. ಉಳಿದದ್ದೆಲ್ಲ ಮೊದಲೇ ಒಳಗೆ ಇದ್ದದ್ದು.

ಮಜ್ಜಿಗೆ

ಈಗ ಕೈ ನಿಂತ ವಿಷಯ.

ನಾನು ಪಿಯುಸಿಗೆ ಸಮನಾದ ಪ್ರಿಡಿಗ್ರಿ ಓದುತ್ತಿದ್ದೆ. ರಜೆಯಲ್ಲಿ ಮನೆಗೆ ಬಂದಿದ್ದೆ. ಬೆಳಗ್ಗಿನಿಂದ ತೋಟಕ್ಕೆ ಮದ್ದು ಬಿಡುವ ಕೆಲಸ, ಮೈಲುತುತ್ತಿನ ನೀಲಿ ಅಪ್ಪಚ್ಚಿಯ ಮೊಣಕೈವರೆಗೂ ಹತ್ತಿತ್ತು. ಮಳೆ ಬರುವ ಮೊದಲು ಮುಗಿಸಬೇಕು ಅಂತ ಕಾಪಿ ಬಿಟ್ಟರೆ ಬೇರೇನೂ ತಿಂದಿರಲಿಲ್ಲ. ಮಿಂದು ಬಾಳೆಲೆಯ ಮುಂದೆ ಕೂತಾಗ ಎರಡೂವರೆ. ಆಗ ಫೋನು ಬಂತು. ನಾನೇ ಎತ್ತಿದೆ. ಮಂಗಳೂರಿನ ಆಸ್ಪತ್ರೆಯಲ್ಲಿದ್ದ ದೊಡ್ಡಪ್ಪ ಹೋದರು.

ದೊಡ್ಡಪ್ಪ ಅಪ್ಪಚ್ಚಿಗೆ ಅಣ್ಣ. ಅಜ್ಜಿಗೆ ಹಿರಿಯ ಮಗ. ನಾನು ಯಾರಿಗೆ ಮೊದಲು ಹೇಳುವುದು ಅಂತ ಗೊತ್ತಾಗದೆ ನಿಂತಿದ್ದೆ. ಅಜ್ಜಿ ನನ್ನ ಮುಖ ನೋಡಿದರು. ಕೇಳಲಿಲ್ಲ. ಕಣ್ಣಲ್ಲೇ ಅರ್ಥ ಮಾಡಿಕೊಂಡರು. ಆಮೇಲೆ ತುಟಿಗೆ ಬೆರಳಿಟ್ಟು, ಸದ್ದಿಲ್ಲದೆ, "ಉಂಬಗ ಹೇಳೆಡ" ಅಂದರು.

ಅದರಲ್ಲಿ ಲೆಕ್ಕ ಇತ್ತು. ಹೇಳಿದರೆ ಅಪ್ಪಚ್ಚಿ ಎಲೆಯಿಂದ ಎದ್ದುಬಿಡುತ್ತಾರೆ. ಶವ ಮಂಗಳೂರಿನಿಂದ ಬರುವಾಗ ರಾತ್ರಿಯಾಗುತ್ತದೆ. ಕೆಲಸ ಎಲ್ಲ ಮುಗಿದು ಮೀಯುವ ತನಕ ಒಂದು ಅಗುಳು ಇಲ್ಲ. ಬೆಳಗ್ಗಿನಿಂದ ಖಾಲಿ ಹೊಟ್ಟೆ. ಅಜ್ಜಿ ಒಳಗೆ ಹೋಗಿ ಸೌಟು ತಂದು ಸಾರು ಬಡಿಸಿದರು. ಅಷ್ಟರಲ್ಲಿ ಪಕ್ಕದ ಮನೆಗೂ ಫೋನು ಬಂದು, ನಾಲ್ಕೈದು ಜನ ಅಂಗಳಕ್ಕೆ ಬಂದು ನಿಂತಿದ್ದರು. ಯಾರೂ ಮಾತಾಡಲಿಲ್ಲ. ತೆರೆದ ಬಾಗಿಲಿನಿಂದ ಅವರೆಲ್ಲ ಕಾಣುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಪ್ಪಚ್ಚಿ ಒಮ್ಮೆ ತಲೆ ಎತ್ತಿ ಆ ಕಡೆ ನೋಡಿದರು ಕೂಡ. ಮತ್ತೆ ಅನ್ನ ಕಲಸಿದರು. "ಮಜ್ಜಿಗೆ" ಅಂದರು. ಅಜ್ಜಿ ಮಜ್ಜಿಗೆ ಹೊಯ್ದರು. ಕೈ ನಡುಗಲಿಲ್ಲ. ಇನ್ನೊಂದು ಸೌಟು ಅಂದರು. ಹೊಯ್ದರು. ಉಪ್ಪಿನಕಾಯಿಯ ಮಿಡಿಯನ್ನು ಕೊನೆಯ ತನಕ ಚೀಪಿ, ಎಲೆ ಮಡಚಿ, ಕೈ ತೊಳೆದು, ಚಂಡಿ ಕೈಯಲ್ಲಿ ಜಗಲಿಗೆ ಬಂದ ಮೇಲೆಯೇ ಅವರಿಗೆ ಜನ ಕಂಡದ್ದು. "ಎಂತಾತು?" ಅಂದರು. ಆಗ ಅಜ್ಜಿ ಸೌಟನ್ನು ಕೆಳಗಿಟ್ಟು ಹೇಳಿದರು. ಹೇಳಿ ಅಲ್ಲೇ ಕುಸಿದರು.

ಎಷ್ಟೋ ವರ್ಷ ಅಪ್ಪಚ್ಚಿಗೆ ಅದೊಂದು ಮುಳ್ಳಾಗಿ ಉಳಿಯಿತು. "ಎನಗೆ ಗೊಂತೇ ಆಯಿದಿಲ್ಲೆ" ಅನ್ನುತ್ತಿದ್ದರು. ಅತ್ತೆಯನ್ನು ನೋಡಿದ ನೆನಪಿದೆ, ಸೆರಗು ನೋಡಿದ ನೆನಪಿದೆ, ಏನೂ ತೋರಲಿಲ್ಲ. ತಾನೆಂಥ ಮನುಷ್ಯ ಅಂತ ಕೇಳಿಕೊಳ್ಳುತ್ತಿದ್ದರು. ಅವರಿದ್ದಾಗ ನನಗೆ ಗಾಡ್ರಿ, ಕ್ರಿಸ್ಟನ್ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಅಣ್ಣನ ಸಾವಿನ ಬಗ್ಗೆ ಕೊರಗುವವರ ಎದುರು ಜಿಗಣೆಯ ಮಾತೆತ್ತುವುದು ಹೇಗೆ? ಅಲ್ಲದೆ ಮನುಷ್ಯನ ತಲೆಯಲ್ಲಿ ಆದದ್ದು ಅದೇ ಅಂತ ಹೇಳಲು ನಾನು ಯಾರು? 400 ಕೋಶದ ಗಂಟಿನಿಂದ 8,600 ಕೋಟಿಗೆ ಸೇತುವೆ ಕಟ್ಟುವ ಧೈರ್ಯ ನನಗಿಲ್ಲ. ಆದರೂ ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ದಾಟದೇ ಇರುವುದು ಕಲ್ಲುತನ ಆಗಬೇಕಾಗಿಲ್ಲ, ಅಷ್ಟನ್ನಾದರೂ ಅವರಿಗೆ ಹೇಳಬಹುದಿತ್ತು. ಕಡ್ಡಿ ಹಿಡಿದು ನನಗೆ ಅದನ್ನು ಮೊದಲು ತೋರಿಸಿದವರು ಅವರೇ ಅಲ್ವಾ.

ಅಜ್ಜಿಯದ್ದು ಬೇರೆ. ಅವರಿಗೆ ಸುದ್ದಿ ದಾಟಿತ್ತು. ಪೂರಾ ದಾಟಿತ್ತು. ದಾಟಿದ ಮೇಲೆ ಎರಡು ಸೌಟು ಮಜ್ಜಿಗೆ ಹೊಯ್ದರು. ಅದಕ್ಕೆ ಯಾವ ಜಿಗಣೆಯಲ್ಲೂ ನನಗೆ ಹೋಲಿಕೆ ಸಿಕ್ಕಿಲ್ಲ.

ಆ ಹುಡುಗ ಈಗ ಮಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾನೆ. ನಾನು ನಗಬಾರದು, ಆದರೂ ನಗು ಬರುತ್ತದೆ. ಹೋದ ವಾರ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವನ ನಂಬರು ಸಿಕ್ಕಿತು. ಟೈಪ್ ಮಾಡಲು ಕಣ್ಣು ಸಾಲದು ಅಂತ ಆರು ನಿಮಿಷದ ವಾಯ್ಸ್ ಮೆಸೇಜು ಕಳಿಸಿದೆ. 12 ವರ್ಷದ ಹಿಂದೆ ನಾನು ಹೇಳಿದ್ದು ತಪ್ಪು, ಮೆದುಳಿದೆ, 32 ಇದೆ ಅಂತ ಶುರು ಮಾಡಿ ಹಪ್ಪಳ, ಒಗ್ಗರಣೆ, ಮರುವಾಯಿ ಎಲ್ಲ ಹೇಳಿದೆ. ಕಳಿಸಿ ಪರೀಕ್ಷೆ ಬರೆದವನ ಹಾಗೆ ಫೋನು ನೋಡುತ್ತಾ ಕೂತೆ. ಎರಡು ನೀಲಿ ಗೆರೆ ಬಿತ್ತು. ಸ್ವಲ್ಪ ಹೊತ್ತಿಗೆ ಅವನದ್ದೂ ಒಂದು ವಾಯ್ಸ್ ಬಂತು, ನಾಲ್ಕು ಸೆಕೆಂಡಿನದ್ದು, ಬಾಯಿ ತುಂಬ ಏನೋ ಇಟ್ಟುಕೊಂಡೇ ಮಾತಾಡಿದ್ದು.

"ಸಾರ್, ಊಟ ಮಾಡ್ತಾ ಇದ್ದೇನೆ. ಆಮೇಲೆ ಕೇಳ್ತೇನೆ."